ಡಾಕ್ಟರ್ ಆಗಲು ಹೊರಟ ಬ್ರೂಕ್ಲಿನ್ ಹುಡುಗಿಗೆ ಏಕಿಷ್ಟು ಅವಸರ?

[ಪರದೆ: ನ್ಯೂಯಾರ್ಕ್ ಸುರಂಗ ರೈಲಿನ ನಕ್ಷೆ. ಬ್ರೂಕ್ಲಿನ್‌ನಿಂದ ಮ್ಯಾನ್‌ಹಟನ್ ಕಡೆಗೆ ಒಂದು ಗೆರೆ ಹರಿಯುತ್ತದೆ]

ನಿರೂಪಣೆ: 1991ರಲ್ಲಿ ‘ಬಾಯ್ಸ್ ಎನ್ ದ ಹುಡ್’ ಸಿನಿಮಾ. 1992ರಲ್ಲಿ ‘ಜ್ಯೂಸ್’. 1993ರಲ್ಲಿ ‘ಮೆನೇಸ್ ಟು ಸೊಸೈಟಿ’. ಅಮೆರಿಕದ ಕಪ್ಪು ಜನರ ಬಡಾವಣೆಗಳ ಕಥೆ ಎಂದರೆ ಆಗ ಗಂಡುಹುಡುಗರ ಕಥೆ: ಕೈಯಲ್ಲಿ ಬಂದೂಕು, ಕೊನೆಗೆ ಬೀದಿಯಲ್ಲೊಂದು ಹೆಣ. ಹುಡುಗಿಯರು ಇದ್ದರು, ಯಾರದೋ ಗೆಳತಿಯಾಗಿ, ಯಾರಿಗಾಗಿಯೋ ಅಳುವ ತಾಯಿಯಾಗಿ.

ಇದರ ನಡುವೆ ಲೆಸ್ಲಿ ಹ್ಯಾರಿಸ್ ಎಂಬ ನಿರ್ದೇಶಕಿ ಚಿಕ್ಕಾಸು ಕೂಡಿಸಿ, ಕೇವಲ 17 ದಿನಗಳಲ್ಲಿ ಒಂದು ಸಿನಿಮಾ ಚಿತ್ರೀಕರಿಸಿದರು: ‘ಜಸ್ಟ್ ಅನದರ್ ಗರ್ಲ್ ಆನ್ ದ ಐ.ಆರ್.ಟಿ.’ ಐ.ಆರ್.ಟಿ. ಎಂದರೆ ನ್ಯೂಯಾರ್ಕ್ ಸುರಂಗ ರೈಲಿನ ಮಾರ್ಗಗಳ ಒಂದು ಹಳೆಯ ಹೆಸರು. ನಾಯಕಿ ಶಾಂಟೆಲ್‌ಗೆ 17 ವರ್ಷ. ಅಪ್ಪ, ಅಮ್ಮ ಇಬ್ಬರೂ ದುಡಿಯುವವರು. ಪುಟ್ಟ ತಮ್ಮಂದಿರನ್ನು ನೋಡಿಕೊಳ್ಳುವ ಹೊಣೆ ಇವಳದು. ಸಂಜೆ ಶಾಲೆ ಬಿಟ್ಟ ಮೇಲೆ ಸಿರಿವಂತರ ದಿನಸಿ ಅಂಗಡಿಯಲ್ಲಿ ಕೆಲಸ. ಶಾಲೆಯನ್ನು ಬೇಗ ಮುಗಿಸಿ, ಕಾಲೇಜು ಸೇರಿ, ಡಾಕ್ಟರ್ ಆಗಬೇಕೆಂಬುದು ಅವಳ ಲೆಕ್ಕಾಚಾರ. ಓದಿನಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕ್ಯಾಮೆರಾದತ್ತ ತಿರುಗಿ ನಮ್ಮನ್ನೇ ದಬಾಯಿಸುತ್ತಾಳೆ. ಅವಳು ಎಲ್ಲರಿಗೂ ಇಷ್ಟವಾಗಬೇಕೆಂಬ ಗೋಜಿಗೇ ಸಿನಿಮಾ ಹೋಗುವುದಿಲ್ಲ. ನನಗೆ ಅದೇ ಇಷ್ಟ.

[ಪರದೆ: ಡಾಲರ್ ನೋಟುಗಳು, ಅಂಗಡಿಯ ಚೀಲಗಳು]

ಶಾಂಟೆಲ್ ಗರ್ಭಿಣಿಯಾಗುತ್ತಾಳೆ. ಗರ್ಭಪಾತಕ್ಕೆಂದು ಗೆಳೆಯ ಟೈರೋನ್ 500 ಡಾಲರ್ ಕೊಡುತ್ತಾನೆ. ಅವಳು ಗೆಳತಿಯನ್ನು ಕರೆದುಕೊಂಡು ಅಂಗಡಿಗಳಿಗೆ ನುಗ್ಗಿ ಆ ಹಣವನ್ನೆಲ್ಲ ಉಡಾಯಿಸಿ ಬರುತ್ತಾಳೆ!

ಇಲ್ಲಿ ಅನೇಕ ಪ್ರೇಕ್ಷಕರು ತಲೆ ಚಚ್ಚಿಕೊಳ್ಳುತ್ತಾರೆ. ಇಷ್ಟು ಜಾಣೆಗೆ ಇಷ್ಟೂ ತಿಳಿಯದೆ? ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಇದಕ್ಕಿಂತ ನಿಜವಾದ ದೃಶ್ಯ ಇನ್ನೊಂದಿಲ್ಲ. ಅವಳ ಯೋಜನೆಯಲ್ಲಿ ಒಂದು ತಿಂಗಳ ಅಂತರಕ್ಕೂ ಜಾಗವಿಲ್ಲ. ಎಡವಿ ಬಿದ್ದರೂ ಎತ್ತುವವರಿರುವ ಮನೆಯ ಮಕ್ಕಳಿಗೆ ಹದಿನೇಳರಲ್ಲಿ ತಪ್ಪು ಮಾಡುವ ಸವಲತ್ತು ಇರುತ್ತದೆ, ಶಾಂಟೆಲ್‌ಗೆ ಇಲ್ಲ. ಗರ್ಭವನ್ನು ಒಪ್ಪಿಕೊಂಡರೆ ಲೆಕ್ಕಾಚಾರವೆಲ್ಲ ಕುಸಿಯುತ್ತದೆ. ಆದ್ದರಿಂದ ಅದು ಇಲ್ಲವೇ ಇಲ್ಲ ಎಂಬಂತೆ ಬದುಕುತ್ತಾಳೆ. ಅದು ದಡ್ಡತನವಲ್ಲ, ಹೆದರಿಕೆ.

ಕೊನೆಗೆ ಅವಳು ಮಗುವಿನ ತಾಯಿಯಾಗಿ, ಸಮುದಾಯ ಕಾಲೇಜಿಗೆ, ಅಂದರೆ ಕಡಿಮೆ ಶುಲ್ಕದ ಎರಡು ವರ್ಷದ ಸ್ಥಳೀಯ ಕಾಲೇಜಿಗೆ, ಸೇರುತ್ತಾಳೆ. ಆಸೆ ತಡವಾಯಿತು, ಸಾಯಲಿಲ್ಲ. ಆಸೆಪಟ್ಟ ಹುಡುಗಿಗೆ ‘ತಕ್ಕ ಶಾಸ್ತಿ’ ಮಾಡಿ ಮುಗಿಸುವ ಚಪಲದಿಂದ ಹ್ಯಾರಿಸ್ ದೂರ ಉಳಿದರು. ಅಮೆರಿಕದ ಸ್ವತಂತ್ರ ಸಿನಿಮಾಗಳ ಹೆಸರಾಂತ ಉತ್ಸವವಾದ ಸನ್‌ಡಾನ್ಸ್‌ನಲ್ಲಿ 1993ರಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಬಂತು. ಆದರೆ ಮುಂದಿನ ದಶಕಗಳಲ್ಲಿ ಎರಡನೆಯ ಕಥಾಚಿತ್ರಕ್ಕೆ ಅವರಿಗೆ ಹಣ ಹುಟ್ಟಲಿಲ್ಲ.

[ಪರದೆ: ರಾತ್ರಿಯ ಸಿಟಿ ಬಸ್, ಕಿಟಕಿಯ ಗಾಜು]

ಸುಮಾರು ಎರಡು ದಶಕಗಳ ಬಳಿಕ, 2011ರಲ್ಲಿ, ಅದೇ ಬ್ರೂಕ್ಲಿನ್‌ನಿಂದ ಡೀ ರೀಸ್ ನಿರ್ದೇಶನದ ‘ಪರಾಯಾ’ (Pariah, ಅಂದರೆ ಸಮಾಜ ಹೊರಗಿಟ್ಟವಳು) ಬಂತು. ಇಲ್ಲಿನ ಅಲೀಕೆ ಕೂಡ ಹದಿನೇಳರ ಹುಡುಗಿ, ಕವಿತೆ ಬರೆಯುತ್ತಾಳೆ, ಹುಡುಗಿಯರನ್ನು ಪ್ರೀತಿಸುತ್ತಾಳೆ. ಮನೆಗೆ ಮರಳುವ ಬಸ್ಸಿನಲ್ಲಿ ಟೋಪಿ, ದೊಗಲೆ ಅಂಗಿ ತೆಗೆದು, ಕಿವಿಗೆ ಓಲೆ ಸಿಕ್ಕಿಸಿಕೊಂಡು, ಅಮ್ಮ ಒಪ್ಪುವ ಮಗಳಾಗುತ್ತಾಳೆ. ಒಂದು ಮಾತೂ ಇಲ್ಲದೆ ಅವಳ ಪಾಡೆಲ್ಲ ಗೊತ್ತಾಗುತ್ತದೆ. ಶಾಂಟೆಲ್‌ಗೆ ಬಾಯಿಯೇ ಬಂಡವಾಳ, ಅಲೀಕೆಯದು ನೋಟ್‌ಬುಕ್ಕು. ಅವಳನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ, ಕಾಲೇಜಿನತ್ತ ಕರೆದೊಯ್ಯುವುದೂ ಆ ಬರವಣಿಗೆಯೇ. ಅಮ್ಮನ ಒಪ್ಪಿಗೆ ಮಾತ್ರ ಕೊನೆಯವರೆಗೂ ಸಿಗುವುದಿಲ್ಲ. ಶಾಂಟೆಲ್‌ಗೆ ಕೈಕೊಟ್ಟದ್ದು ಸಮಯ, ಅಲೀಕೆಗೆ ಮನೆ.

ನೋಡುವುದಾದರೆ ಹ್ಯಾರಿಸ್ ಅವರ ಚಿತ್ರದಿಂದಲೇ ಆರಂಭಿಸಿ. ಅಲ್ಲಿನ ಹೆರಿಗೆಯ ದೃಶ್ಯ ಕರುಳು ಹಿಂಡುತ್ತದೆ, ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಮುಂದಿನ ವಿಡಿಯೋದಲ್ಲಿ ಪ್ಯಾರಿಸ್ ಹೊರವಲಯದ ಕಪ್ಪು ಹುಡುಗಿಯರ ಬಗ್ಗೆ ಸೆಲೀನ್ ಸಿಯಾಮಾ 2014ರಲ್ಲಿ ಮಾಡಿದ ‘ಗರ್ಲ್‌ಹುಡ್’ ನೋಡೋಣ. ನಿರ್ದೇಶಕಿ ಬಿಳಿಯರು, ಕಪ್ಪು ಹುಡುಗಿಯರ ಕಥೆಯನ್ನು ಅವರು ಹೇಳಬಹುದೇ ಎಂಬ ಜಗಳವೂ ಅಲ್ಲೇ ಇದೆ.