ಮುಖ್ತಾರನ ಮೊಹರು

ಕೇಳುಗರಿಗೆ ನಮಸ್ಕಾರ. ಊರ ಗೌಡ ಅಂದರೆ ದೊಡ್ಡ ಮನೆ, ಜಗಲಿ, ಗತ್ತು ಎಲ್ಲ ಕಣ್ಣ ಮುಂದೆ ಬರುತ್ತದೆ ಅಲ್ವಾ? ಪ್ಯಾಲೆಸ್ಟೈನ್, ಸಿರಿಯಾ, ಲೆಬನಾನ್ ಕಡೆಯ ಅರಬ್ ಹಳ್ಳಿಗಳಲ್ಲಿ ಆ ಜಾಗದಲ್ಲಿದ್ದವನು ಮುಖ್ತಾರ. ಗತ್ತು ಅವನಿಗೂ ಇತ್ತು. ಆದರೆ ನನ್ನನ್ನು ಕೇಳಿದರೆ, ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ ಅದು.

ಮೊದಲು ಅಲ್ಲಿ ಶೇಖ್‌ಗಳದೇ, ಅಂದರೆ ದೊಡ್ಡ ಮನೆತನಗಳ ಮುಖಂಡರದೇ ಕಾರುಬಾರು. ತೆರಿಗೆ ಎತ್ತುವುದು, ನ್ಯಾಯ ಹೇಳುವುದು, ಬೇಕಾದರೆ ಪಕ್ಕದ ಊರಿನ ಮೇಲೆ ಜಗಳಕ್ಕೆ ಹೋಗುವುದು, ಎಲ್ಲ ಅವರದೇ. ಆಗ ಆ ನಾಡುಗಳನ್ನು ಆಳುತ್ತಿದ್ದ ತುರ್ಕರ ಆಟೊಮನ್ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1864ರಲ್ಲಿ ಪ್ರಾಂತ್ಯಗಳಿಗೆ ಹೊಸ ಕಾನೂನು ತಂದು, ಊರಿನವರು ಮುಖ್ತಾರನನ್ನು ಆರಿಸಬೇಕು, ಸರ್ಕಾರ ಒಪ್ಪಬೇಕು ಅಂತ ಮಾಡಿತು. ಊರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದರೆ ಅವರವರಿಗೆ ಬೇರೆ ಮುಖ್ತಾರ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು, ಆದರೆ ಎಷ್ಟೋ ಕಡೆ ಅವೇ ದೊಡ್ಡ ಮನೆತನದವರು ಹೊಸ ಹೆಸರಲ್ಲಿ ಬಂದು ಕೂತರು.

ಅವನ ಬಲವೆಲ್ಲ ಒಂದು ಮೊಹರಿನಲ್ಲಿ. ಹುಟ್ಟು, ಸಾವು, ಜಮೀನಿನ ವ್ಯವಹಾರ, ಇವನು ನಮ್ಮ ಊರಿನವನೇ, ಇಂಥವರ ಮಗ ಅನ್ನುವ ಮಾತು, ಯಾವುದಕ್ಕೂ ಆ ಮೊಹರು ಬೀಳಬೇಕು. ಕಳ್ಳತನ, ಕೊಲೆ ಆದರೆ ಪೊಲೀಸರಿಗೆ ತಿಳಿಸುವವನೂ ಅವನೇ.

ಇನ್ನು ಊರಿಗೆ ಬಂದವರನ್ನು ಕೂರಿಸಲು ಮದಾಫಾ ಅಂತ ಅತಿಥಿಮನೆ. ಜಗಳ ಬಗೆಹರಿಸುವುದೂ ಹೆಚ್ಚಾಗಿ ಅಲ್ಲೇ. ಕೊಲೆಯಾದರೆ ಹಿರಿಯರ ಗುಂಪೊಂದು ರಾಜಿ ಕೇಳಲು ಸತ್ತವನ ಮನೆಗೆ ಹೋಗುತ್ತದೆ, ಆ ಮನೆಯವರು ಕಾಫಿ ತಂದಿಡುತ್ತಾರೆ, ಆದರೆ ಬಂದವರು ಲೋಟ ಮುಟ್ಟುವುದಿಲ್ಲ. ಕೇಳಿದ್ದಕ್ಕೆ ಮನೆಯವರು ಒಪ್ಪಿದರೆ ಮಾತ್ರ ಕುಡಿಯುತ್ತಾರೆ. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಗೆ ಅವಮಾನ, ಹಾಗಾಗಿ ಸುಮ್ನೆ ಕೂತಿರುವುದೇ ದೊಡ್ಡ ಒತ್ತಡ. ಎಂಥ ಜಾಣತನ ನೋಡಿ! ಇಂಥ ರಾಜಿಗೆ ಸುಲ್ಹಾ ಅನ್ನುತ್ತಾರೆ.

ಬ್ರಿಟಿಷರು ಪ್ಯಾಲೆಸ್ಟೈನ್ ಆಳುವಾಗಲೂ ಮುಖ್ತಾರನನ್ನು ಬಿಡಲಿಲ್ಲ. 1936ರಿಂದ 39ರವರೆಗೆ ಅರಬರು ದಂಗೆ ಎದ್ದಾಗ ಅವನ ಪಾಡು ಯಾರಿಗೂ ಬೇಡ. ಹಗಲು ಸೈನಿಕರು ಬಂದು ದಂಗೆಕೋರರು ಎಲ್ಲಿ ಅಂತ ಕೇಳುತ್ತಿದ್ದರು, ಇಡೀ ಊರಿಗೆ ದಂಡ ಹಾಕುತ್ತಿದ್ದರು. ರಾತ್ರಿ ದಂಗೆಕೋರರು ಬಂದು ಊಟ, ದುಡ್ಡು ಕೇಳುತ್ತಿದ್ದರು. ಸರ್ಕಾರದ ಕಡೆಯವನು ಅನ್ನುವ ಅನುಮಾನಕ್ಕೆ ಪ್ರಾಣ ಕಳೆದುಕೊಂಡ ಮುಖ್ತಾರರೂ ಇದ್ದಾರೆ.

ಈಗ ಆ ಹುದ್ದೆ ಹೋಯಿತು ಅಂದುಕೊಳ್ಳಬೇಡಿ. ಇರಾಕಿನಲ್ಲಿ ಪಟ್ಟಣದ ಬಡಾವಣೆಗೂ ಮುಖ್ತಾರ ಇದ್ದಾನೆ. ಲೆಬನಾನ್‌ನಲ್ಲಿ ಜನರೇ ಮತ ಹಾಕಿ ಆರಿಸುತ್ತಾರೆ, ಹೆಂಗಸರೂ ಗೆದ್ದಿದ್ದಾರೆ. 2016ರ ನಂತರದ ಚುನಾವಣೆ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 2025ರ ಮೇ ತಿಂಗಳಲ್ಲಿ ನಡೆಯಿತು. ಅಲ್ಲಿ ಪಾಸ್‌ಪೋರ್ಟ್ ಬೇಕು ಅಂದರೆ ಇವತ್ತಿಗೂ ಮೊದಲು ಮುಖ್ತಾರನ ಸಹಿ ಹಾಕಿಸಿಕೊಳ್ಳಬೇಕು. ನಮಸ್ಕಾರ.