ತೊಗರಿ ರೇಟಿನ ಲೆಕ್ಕಕ್ಕ ಮೊದಲ ಪೆನ್ಸಿಲ್ ಹಿಡಿಸ್ರಿ

ನಮಸ್ಕಾರ್ರಿ. ಒಂದು ವರ್ಷ ತೊಗರಿ ರೇಟು ಏರ್ತದ, ಮುಂದಿನ ಮುಂಗಾರಿಗೆ ಎಲ್ಲರೂ ತೊಗರಿನೇ ಬಿತ್ತತಾರ, ರಾಶಿ ಎಪಿಎಂಸಿಗೆ ಬಂದಾಗ ರೇಟು ಕುಸೀತದ. ಕಲಬುರಗಿ ಕಾಲೇಜಿನ ಹುಡುಗರಿಗೆ ಇದು ಮನಿ ಮಾತು. ಸಿಸ್ಟಮ್ ಡೈನಾಮಿಕ್ಸ್ ಅಂದ್ರ ಒಂದರ ಪರಿಣಾಮ ಸುತ್ತಿ ಬಂದು ಅದಕ್ಕೇ ತಟ್ಟೋ ಇಂಥ ವ್ಯವಸ್ಥೆ ಕಾಲ ಕಳೆದಂಗ ಹೆಂಗ ಬದಲಾಗ್ತದ ಅಂತ ಲೆಕ್ಕದ ಮಾಡೆಲ್ ಕಟ್ಟಿ ನೋಡೋ ವಿಧಾನ. ಅದರ ಪಾಠ ಇಲ್ಲಿಂದ ಶುರು ಆಗಬೇಕು, ಸಾಫ್ಟ್‌ವೇರಿನಿಂದ ಅಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಾಗ ಈ ವಿಧಾನ ಕಟ್ಟಿದ್ದೇ ಒಂದು ಪ್ರಶ್ನೆಯಿಂದ. ಜನರಲ್ ಎಲೆಕ್ಟ್ರಿಕ್ ಕಾರ್ಖಾನ್ಯಾಗ ಕೆಲಸಗಾರರ ಸಂಖ್ಯೆ ಮೂರು ವರ್ಷಕ್ಕೊಮ್ಮೆ ಏರಿಳಿಯೋದು ಯಾಕ? ಕಾಗದದ ಮ್ಯಾಲ ಕೈಲೆ ಲೆಕ್ಕ ಹಾಕಿ, ಕಾರಣ ಕಂಪನಿ ಒಳಗಿನ ನಿರ್ಧಾರದಾಗೇ ಅದ ಅಂತ ತೋರಿಸಿದ್ರು.

ಅದಕ್ಕ ಮೊದಲ ಕ್ಲಾಸಿಗೆ ಇಷ್ಟು ಸಾಕು. ಗೋದಾಮಿನ್ಯಾಗ 500 ಕ್ವಿಂಟಲ್ ಅದ. ತಿಂಗಳಿಗೆ 80 ಒಳಗ ಬರ್ತದ, 60 ಹೊರಗ ಹೋಗ್ತದ. ತಿಂಗಳಾದ ಮ್ಯಾಲ 520. ಈಗ ಒಳಗ ಬರೋದು 70ಕ್ಕ ಇಳೀತು, ದಾಸ್ತಾನು ಏನಾಗ್ತದ? ಭಾಳ ಮಂದಿ ‘ಕಡಿಮಿ ಆಗ್ತದ’ ಅಂತಾರ. ಇಲ್ಲ, 530 ಆಗ್ತದ. ಏರೋ ವೇಗ ಅಷ್ಟೇ ತಗ್ಗಿತು. ಈ ತಪ್ಪು ಪೆನ್ಸಿಲಿನಿಂದ ತಿದ್ದದೇ ಮುಂದ ಹೋದ್ರ ಆಮೇಲಿನ ಎಲ್ಲಾ ಮಾಡೆಲ್ ಹಾಳು.

ಆಮೇಲೆ ತೊಗರಿ. ಎಪಿಎಂಸಿ ರೇಟಿನ ಹತ್ತು ವರ್ಷದ ಗೆರಿ ಎಳಿಸ್ರಿ. ಆ ಗೆರಿಯೇ ಬಿಡಿಸಬೇಕಾದ ಸಮಸ್ಯೆ. ದಾಸ್ತಾನು ಹೆಚ್ಚಾದ್ರ ರೇಟು ಇಳೀತದ, ರೇಟು ಇಳಿದ್ರ ಬಿತ್ತನಿ ಎಕರೆ ಕಡಿಮಿ, ಎಕರೆ ಕಡಿಮಿ ಆದ್ರ ದಾಸ್ತಾನು ಕರಗ್ತದ. ಇದು ತನ್ನನ್ನ ತಾನೇ ಸಮ ಮಾಡಿಕೊಳ್ಳೋ ಸುತ್ತು. ಹಂಗಿದ್ರೂ ಸಮ ಆಗದೇ ತೂಗಾಡ್ತದ, ಯಾಕಂದ್ರ ಜೂನ್-ಜುಲೈದಾಗ ಬಿತ್ತಿದ್ದು ಡಿಸೆಂಬರ್-ಜನವರಿಗೆ ರಾಶಿ. ಆ ತಡ ತಗದು ಒಮ್ಮೆ, ಇಟ್ಟು ಒಮ್ಮೆ ಮಾಡೆಲ್ ಓಡಿಸಿ ನೋಡೋದೇ ಈ ಪಾಠದ ಜೀವ. ಯಾವುದರಿಂದ ಯಾವುದು ಬದಲಾಗ್ತದ ಅಂತ ತೋರಿಸೋ ಬರೀ ಬಾಣದ ಚಿತ್ರ ಗೋಡಿಗೆ ಅಂಟಿಸಿದ್ರ ತೂಗಾಟ ಎಷ್ಟು ದೊಡ್ಡದು ಅಂತ ತಿಳಿಯೋದಿಲ್ಲ; ಅದಕ್ಕ ಸಮೀಕರಣ ಬೇಕೇ ಬೇಕು.

ಇಂಥ ಮಾಡೆಲ್ ಓಡಿಸೋ ವೆನ್ಸಿಮ್ ಸಾಫ್ಟ್‌ವೇರ್ ಮುಂದ ಕೂತಾಗ ಹುಡುಗರು ಎಡವೋದು ಎಲ್ಲಿ? ರೇಟಿನಿಂದ ನೇರ ದಾಸ್ತಾನಿಗೆ ಬಾಣ ಎಳೀತಾರ. ದಾಸ್ತಾನು ಬದಲಾಗೋದು ಒಳಹರಿವು, ಹೊರಹರಿವಿನಿಂದ ಮಾತ್ರ. ಮಾನ ಹೊಂದಿಸೋದಿಲ್ಲ: ಎಕರೆಗೆ ಇಷ್ಟು ಕ್ವಿಂಟಲ್ ಅಂತ ಗುಣಿಸದೇ ಎಕರೆಯನ್ನೇ ಗೋದಾಮಿಗೆ ಸುರೀತಾರ! ಗೋದಾಮು ಖಾಲಿ ಆದ್ರೂ ಮಾರಾಟ ನಿಲ್ಲದೇ ದಾಸ್ತಾನು ಸೊನ್ನೆ ಕೆಳಗ ಇಳೀತದ. ಬೇಡಿಕೆ ಮತ್ತು ಇದ್ದ ಸರಕು, ಎರಡರೊಳಗ ಸಣ್ಣದು ಯಾವುದೋ ಅಷ್ಟೇ ಹೊರಗ ಹೋಗೋ ಹಂಗ ಬರಿಸ್ರಿ. ಇನ್ನ, ಆರು ತಿಂಗಳ ತಡ ಇರೋ ಮಾಡೆಲ್‌ಗೆ ವರ್ಷದ ಹೆಜ್ಜಿ (ಕಂಪ್ಯೂಟರ್ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕ ಜಿಗಿಯೋ ಕಾಲ) ಇಟ್ರ ತಡನೇ ಕಳೆದು ಹೋಗ್ತದ. ಎಲ್ಲಕ್ಕಿಂತ ಸಣ್ಣ ತಡದ ಕಾಲುಭಾಗಕ್ಕಿಂತ ಹೆಜ್ಜಿ ದೊಡ್ಡದು ಇರಬಾರದು. ಹೆಜ್ಜಿ ಅರ್ಧ ಮಾಡಿ ಮತ್ತ ಓಡಿಸ್ರಿ. ಗೆರಿ ಬದಲಾದ್ರ ಹೆಜ್ಜಿ ಇನ್ನೂ ದೊಡ್ಡದದ ಅಂತ ಅರ್ಥ.

ಮಳಿ, ಆಮದು, ಬೆಂಬಲ ಬೆಲೆ ಎಲ್ಲಾ ಮೊದಲ ದಿನನೇ ತುರುಕಬ್ಯಾಡ್ರಿ. ಸುತ್ತು ಸರಿಯಾಗಿ ಓಡಿದ ಮ್ಯಾಲ ಒಂದೊಂದೇ ಸೇರಿಸ್ರಿ. ಪ್ರತಿ ಸಲ ಬಟನ್ ಒತ್ತೋ ಮೊದಲ ಗೆರಿ ಹೆಂಗ ಬರ್ತದ ಅಂತ ಹುಡುಗರ ಕೈಲೆ ಬಿಡಿಸಿ ಇಸ್ಕೊಳ್ರಿ. ಅವರು ಬಿಡಿಸಿದ್ದು, ಕಂಪ್ಯೂಟರ್ ತೋರಿಸಿದ್ದು ಎರಡಕ್ಕೂ ಫರಕು ಯಾಕ ಬಂತು ಅಂತ ವಿವರಿಸಿದವರಿಗೆ ಮಾರ್ಕ್ಸ್ ಕೊಡ್ರಿ.