ಅಂಚಿನಲ್ಲಿ ಬರೆದ ಹೆಸರು

ಮೇಜಿನ ಮೇಲೆ ಕಾಣುತ್ತಿರುವುದು ಈ ಸಲದ ದೀಪಾವಳಿ ವಿಶೇಷಾಂಕಗಳು. ಪಕ್ಕದಲ್ಲೊಂದು ಪೆನ್ಸಿಲ್. ಓದುವಾಗ ಎಲ್ಲಾದರೂ ಕುವೆಂಪು ಸಿಕ್ಕರೆ ಅಂಚಿನಲ್ಲಿ ಸಣ್ಣ ಗುರುತು ಹಾಕುತ್ತೇನೆ. ಅವರ ಬಗ್ಗೆಯೇ ಬರೆದ ಲೇಖನ ಲೆಕ್ಕಕ್ಕಿಲ್ಲ. ಹೆಸರು ಹೇಳದೆ ಬಂದು ಕೂತಿರಬೇಕು.

ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಕಥೆ ಶುರುವಾಗುವ ಮೊದಲೇ ಅದರಲ್ಲಿ ಒಂದು ಮಾತಿದೆ: ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ!’ ಪತ್ರಿಕೆಗಳಲ್ಲಿ ನನಗೆ ಜಾಸ್ತಿ ಸಿಗುವುದು ಇದೇ. ಈ ಸಲವೂ ಸಿಕ್ಕಿತು, ಒಂದು ಪ್ರವಾಸ ಲೇಖನದ ತಲೆಬರಹದಲ್ಲಿ. ಖುಷಿಯಿಂದ ಓದಲು ಕೂತೆ. ಎರಡೇ ದಿನದಲ್ಲಿ ಒಂಬತ್ತು ಜಾಗ ನೋಡಿ ಬರುವುದು ಹೇಗೆ ಎಂಬ ಲೇಖನ ಅದು. ಅವಸರ ಮಾತ್ರ ಇತ್ತು, ಸಾವಧಾನ ಇರಲಿಲ್ಲ. ನಿಜವಾಗಲೂ ಬೇಜಾರಾಯಿತು.

ಹಳೆಯ ಸೈಕಲ್ ಬಗ್ಗೆ ಒಂದು ಪ್ರಬಂಧ ಇತ್ತು. ನಡುವೆ ಎಲ್ಲೋ ಸುಮ್ನೆ ‘ಅಜ್ಜನ ಬೀಸೆಕಲ್ಲು’ ಅಂತ ಬರುತ್ತದೆ. ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ಹಳ್ಳಿಯವರ ಬಾಯಲ್ಲಿ ಬೀಸೆಕಲ್ಲಾಗುತ್ತದಲ್ಲ, ಅದೇ! ಒಂದು ಪದ ಸಾಕಾಯಿತು ನೋಡಿ, ಕಾದಂಬರಿಯ ಮೇಗರವಳ್ಳಿ ಕಣ್ಣೆದುರು ಬಂತು.

ಆದರೆ ನಾನು ಹೇಳಬೇಕೆಂದಿದ್ದು ಈ ಸಣ್ಣಕಥೆಯ ಬಗ್ಗೆ. ಮನೆಬಿಟ್ಟು ಓಡಿಹೋಗುವ ಒಂದು ಜೋಡಿ. ರಾತ್ರಿ ಬಸ್ಸು, ಜೋರು ಮಳೆ. ಅವರ ಹಿಂದೆಯೇ ಬಂದ ಒಂದು ನಾಯಿ. ಬಾಗಿಲು ಮುಚ್ಚುತ್ತದೆ. ರಸ್ತೆಯ ನೀರಲ್ಲಿ ನಾಯಿ ಬಸ್ಸಿನ ಹಿಂದೆ ಓಡುತ್ತದೆ, ಓಡಿ ಓಡಿ ನಿಂತುಬಿಡುತ್ತದೆ. ಕಥೆ ಮುಗಿಯುವುದು ಅಲ್ಲೇ, ಬಸ್ಸಿನ ಒಳಗಲ್ಲ.

ಓದಿದಾಗ ನನಗೆ ಏನೂ ಗೊತ್ತಾಗಲಿಲ್ಲ. ನಾಯಿಗೆ ಹೆಸರಿಲ್ಲ, ಕಥೆಯಲ್ಲಿ ಹೊಳೆಯೂ ಇಲ್ಲ. ರಾತ್ರಿ ಪಾತ್ರೆ ತೊಳೆಯುತ್ತಿದ್ದೆ, ನಲ್ಲಿ ಜೋರಾಗಿ ಬರುತ್ತಿತ್ತು. ಆಗ ತಟ್ಟನೆ ನೆನಪಾಯಿತು. ಅದೇ ಕಾದಂಬರಿಯಲ್ಲಿ ಊರುಬಿಟ್ಟು ಹೊರಟ ಜೋಡಿ, ಗುತ್ತಿ ಮತ್ತು ತಿಮ್ಮಿ. ತುಂಬಿ ಹರಿಯುವ ತುಂಗೆ. ಅಷ್ಟು ದಿನ ಗುತ್ತಿಯ ಬೆನ್ನು ಬಿಡದೆ ಬಂದ ನಾಯಿ ಆ ನೀರಲ್ಲಿ ಕೊಚ್ಚಿಹೋಗುತ್ತದೆ. ಆ ಪುಟ ದಾಟುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

‘ಯಾವುದೂ ಯಃಕಶ್ಚಿತವಲ್ಲ’ ಅಂತಲೂ ಕುವೆಂಪು ಅಲ್ಲೇ, ಆರಂಭದಲ್ಲೇ ಹೇಳಿದ್ದಾರೆ ಅಲ್ವಾ? ಈ ಕಥೆಗಾರ್ತಿ ಆ ಮಾತನ್ನು ಎಲ್ಲೂ ಬಳಸಿಲ್ಲ. ಕಥೆಯ ಕೊನೆಯ ಸಾಲನ್ನು ಒಂದು ನಾಯಿಗೆ ಕೊಟ್ಟಿದ್ದಾರೆ, ಅಷ್ಟೇ.

ಕೈ ಒರೆಸಿಕೊಂಡು ಬಂದು ಪೆನ್ಸಿಲ್ ತೆಗೆದುಕೊಂಡೆ. ಬರೀ ಗುರುತು ಹಾಕಲು ಮನಸ್ಸಾಗಲಿಲ್ಲ. ಇಲ್ಲಿ ನೋಡಿ, ಕೊನೆಯ ಸಾಲಿನ ಪಕ್ಕದಲ್ಲಿ ಗುತ್ತಿಯ ನಾಯಿಯ ಹೆಸರು ಬರೆದಿದ್ದೇನೆ. ಹುಲಿಯ.